ಎಡಗಡೆಯ ತಕರಾರು

ಭಾನುವಾರ ಬೆಳಿಗ್ಗೆ ಹತ್ತು ಗಂಟೆಯಾದರೂ ಭೀಮಶಿ ಬರೆದದ್ದು ಒಂದೇ ಸಾಲು: ‘ತಂಬೂರಿ ತಲೆಯೊಳಗೆ ನುಡಿಯುವುದಿಲ್ಲ, ಎದುರಿನ ಗೋಡೆಯ ಹತ್ತಿರ ಯಾರೋ ಕುಳಿತು ಮೀಟಿದಂತೆ ಕೇಳುತ್ತದೆ.’ ಎರಡನೆಯ ಸಾಲಿಗೆ ಕೈ ಹಾಕುವಷ್ಟರಲ್ಲಿ ಅಡುಗೆಮನೆಯಲ್ಲಿ ಕುಕ್ಕರ್ ಶಿಳ್ಳೆ ಹೊಡೆಯಿತು. ಅದೂ ಎಲ್ಲೋ ದೂರದಲ್ಲಲ್ಲ, ತಂಬೂರಿಯವನ ತೊಡೆಯ ಮೇಲೇ ಕುಳಿತು ಹೊಡೆದ ಹಾಗೆ. ಅವನು ಇಯರ್‌ಫೋನನ್ನು ಕಿವಿಯಿಂದ ಕಿತ್ತು ಮೇಜಿನ ಮೇಲಿಟ್ಟು, ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಕುಳಿತ.

ಬೈಲಹೊಂಗಲದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಭೀಮಶಿಯದು ಮಿಕ್ಸರ್, ಫ್ಯಾನು, ಟೀವಿ ರಿಪೇರಿಯ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ಇಪ್ಪತ್ತೈದು ವರ್ಷದಿಂದ ಊರಿನ ಅರ್ಧ ಮಿಕ್ಸರುಗಳ ಹೊಟ್ಟೆ ಬಗೆದು ನೋಡಿದವನು. ಆದರೆ ಅದು ಹೊಟ್ಟೆಪಾಡು. ಹುಚ್ಚು ಬೇರೆಯೇ ಇತ್ತು. ಹಾಡು ಕೇಳುವ ಹುಚ್ಚು ಎಂದರೂ ಪೂರ್ತಿ ಸರಿಯಲ್ಲ. ಹಾಡು ಯಾವುದರಲ್ಲಿ ಹೇಗೆ ಕೇಳುತ್ತದೆ, ತಬಲಾದ ಬಾಯಾ ಎಷ್ಟು ಆಳಕ್ಕೆ ಇಳಿಯುತ್ತದೆ, ಹಾಡುವವನು ಉಸಿರು ಎಳೆದುಕೊಂಡದ್ದು ಗೊತ್ತಾಗುತ್ತದೋ ಇಲ್ಲವೋ ಎಂದು ಹುಡುಕುತ್ತ ಕೂರುವ ಹುಚ್ಚು. ಇಂಥವೇ ಅರವತ್ತು ತಲೆಗಳು ಕಿತ್ತೂರು, ಸವದತ್ತಿ, ರಾಮದುರ್ಗ, ಧಾರವಾಡದಿಂದ ಸೇರಿ ವಾಟ್ಸಾಪಿನಲ್ಲಿ ಒಂದು ಗುಂಪು ಕಟ್ಟಿಕೊಂಡಿದ್ದವು. ಗುಂಪಿನ ಹೆಸರು ‘ಕಿವಿ ಇದ್ದವರು’. ಯಾರಾದರೊಬ್ಬರು ಹೊಸ ಇಯರ್‌ಫೋನ್ ತರಿಸಿದರೆ ಅದು ಊರೂರು ತಿರುಗುತ್ತಿತ್ತು. ಒಬ್ಬೊಬ್ಬರು ಒಂದು ವಾರ ಇಟ್ಟುಕೊಂಡು, ಕೇಳಿ, ಅನಿಸಿದ್ದನ್ನು ಕನ್ನಡದಲ್ಲಿ ಬರೆದು ಮುಂದಿನವರಿಗೆ ದಾಟಿಸಬೇಕು.

ಆ ಗುಂಪಿನಲ್ಲಿ ಭೀಮಶಿಯ ಮಾತಿಗೆ ಒಂದು ಕಾಲದಲ್ಲಿ ಭಾರೀ ಬೆಲೆಯಿತ್ತು. ಕಳೆದ ಬೇಸಿಗೆಯಲ್ಲಿ ಅದು ಹೋಯಿತು. ರಾಮದುರ್ಗದವರೊಬ್ಬರ ಸೆಟ್ಟು ಕೇಳಿ ‘ಎಡಗಡೆ ಸದ್ದು ಬಲಗಡೆಗಿಂತ ಕಡಿಮೆ ಇದೆ, ತಕರಾರಿನ ಮಾಲು’ ಎಂದು ಇವನು ಬರೆದುಬಿಟ್ಟ. ಎಂಟು ದಿನ ಗದ್ದಲವಾಯಿತು. ಕೊನೆಗೆ ನೋಡಿದರೆ ಇವನ ಫೋನಿನಲ್ಲೇ ಎಡಬಲದ ಸೆಟ್ಟಿಂಗು ಒಂದು ಕಡೆಗೆ ಜಾರಿ ಕುಳಿತಿತ್ತು. ಸವದತ್ತಿ ಹೈಸ್ಕೂಲಿನ ಸಂಗೀತ ಮಾಸ್ತರ ಮುಕುಂದ ಅವರು ‘ಭೀಮಶಿ ಅವರ ಕಿವಿ ಒಂದು ಸಲ ಸರ್ವಿಸಿಂಗಿಗೆ ಬಿಡಬೇಕು’ ಎಂದು ಬರೆದರು. ಅದಕ್ಕೆ ನಲವತ್ತೊಂದು ಜನ ನಗುವ ಮುಖ ಅಂಟಿಸಿದರು. ಭೀಮಶಿ ಆ ಮುಖಗಳನ್ನು ಒಂದೊಂದಾಗಿ ಎಣಿಸಿದ್ದ.

ಈಗ ಬಂದಿದ್ದ ಸೆಟ್ಟು ಅದೇ ಮುಕುಂದ ಮಾಸ್ತರರದು. ಇನ್ನೂ ಬೇರೆ ಯಾರೂ ಕೇಳಿರದ ಸೆಟ್ಟನ್ನು ಮೊದಲು ಭೀಮಶಿಗೇ ಕಳಿಸಿದ್ದರು. ಗೌರವಕ್ಕೋ ಪರೀಕ್ಷೆಗೋ ಅವರಿಗೇ ಗೊತ್ತು. ಈ ಸಲ ಒಂದಕ್ಷರ ತಪ್ಪಿದರೂ ಅರವತ್ತು ಜನರೆದುರು ಇನ್ನು ತಲೆ ಎತ್ತುವ ಹಾಗಿಲ್ಲ ಎಂದು ಅವನು ತಿಳಿದಿದ್ದ. ಸಂಜೆ ನಾಲ್ಕಕ್ಕೆ ಮಾಸ್ತರರು ತಾವೇ ಬಸ್ಸಿಗೆ ಬಂದು ಸೆಟ್ಟು ಒಯ್ಯುವವರಿದ್ದರು. ಬರಹ ಅಷ್ಟರೊಳಗೆ ಗುಂಪಿಗೆ ಬೀಳಬೇಕಿತ್ತು.

ಆದರೆ ಆ ಸೆಟ್ಟೋ, ಮನುಷ್ಯನ ತಾಳ್ಮೆ ನೋಡಲೆಂದೇ ಹುಟ್ಟಿದ್ದು. ಸಾಮಾನ್ಯ ಇಯರ್‌ಫೋನು ಬೂಚಿನ ಹಾಗೆ ಕಿವಿಯನ್ನು ಮುಚ್ಚಿಬಿಡುತ್ತದೆ. ಹಾಕಿಕೊಂಡವನಿಗೆ ಲೋಕ ಇಲ್ಲ. ಇದು ಓಪನ್-ಬ್ಯಾಕ್ ಪ್ಲ್ಯಾನರ್. ಒಳಗೆ ಉಳ್ಳಾಗಡ್ಡಿಯ ಒಳಸಿಪ್ಪೆಗಿಂತ ತೆಳುವಾದ ಒಂದು ಹಾಳೆ, ಅದರ ಎರಡೂ ಕಡೆ ಅಯಸ್ಕಾಂತ, ಬೆನ್ನಿಗೆ ಬರೀ ಜಾಲರಿ. ಬೆನ್ನು ತೆರೆದಿರುವುದರಿಂದ ಹಾಡು ಬಯಲಿನಲ್ಲಿ ಕೇಳಿದ ಹಾಗೆ ಅಗಲವಾಗಿ ಕೇಳುತ್ತದೆ, ಅದು ನಿಜ. ತೆರೆದ ಬಾಗಿಲಿನಲ್ಲಿ ಊರೆಲ್ಲ ಒಳಗೆ ಬರುತ್ತದೆ, ಅದೂ ನಿಜ.

ಹೀಗಾಗಿ ಸೋಮವಾರ ಸಾರಂಗಿಯ ಜೊತೆ ಉಳ್ಳಾಗಡ್ಡಿ ಮಾರುವ ಟೆಂಪೋದ ಮೈಕು ಕೇಳಿತು. ಮಂಗಳವಾರ ಪಕ್ಕದ ಮನೆಯ ಧಾರಾವಾಹಿಯ ಅತ್ತೆ ಸೊಸೆಯನ್ನು ಬೈದದ್ದು ಒಂದಕ್ಷರ ಬಿಡದೆ ಕೇಳಿತು. ಬುಧವಾರ ಮಗಳು ಸಪ್ನಾ ಅಟ್ಟದ ಮೇಲಿಂದ ‘ಅವ್ವಾ, ಅವ್ವಾ’ ಎಂದು ನಾಲ್ಕು ಸಲ ಕೂಗಿದ್ದು ಕೇಳಿತು, ಯಾರೂ ಓಗೊಡಲಿಲ್ಲ. ಕೊನೆಗೆ ಅವನೇ ತಾಳ್ಮೆಗೆಟ್ಟು ‘ಏನ್ ಬೇಕ?’ ಎಂದು ಒದರಬೇಕಾಯಿತು. ಶುಕ್ರವಾರ ಅಂಗಡಿಗೆ ಕೀಲಿ ಹಾಕಿ, ಬೈಕ್ ಹತ್ತಿ, ಸವದತ್ತಿ ದಾಟಿ ಹೂಲಿಯವರೆಗೆ ಹೋದ. ಅಲ್ಲಿಯ ಹಳೆಯ ಗುಡಿಗಳ ಹಿಂದೆ ಹಗಲಿನಲ್ಲಿ ನರಪಿಳ್ಳೆ ಇರುವುದಿಲ್ಲ ಎಂದು ಯಾರೋ ಹೇಳಿದ್ದರು. ಕಂಬಕ್ಕೆ ಒರಗಿ ಕುಳಿತು ಐದು ನಿಮಿಷವಾಗಿರಲಿಲ್ಲ, ಪಾರಿವಾಳಗಳು ಗುಟುರು ಹಾಕತೊಡಗಿದವು. ಪಾರಿವಾಳಗಳು ಸುಮ್ಮನಾಗುವ ಹೊತ್ತಿಗೆ ಒಂದು ಟ್ರ್ಯಾಕ್ಟರು ಡೀಜೆ ಹಾಕಿಕೊಂಡು ಬಂದು, ಅಲ್ಲೇ ನಿಂತು, ಪಂಕ್ಚರ್ ತೆಗೆಸಿಕೊಂಡಿತು. ಭೀಮಶಿ ತನ್ನ ಹಣೆಬರಹಕ್ಕೆ ಬೈದುಕೊಂಡು ಬೈಕ್ ತಿರುಗಿಸಿದ.

ಇಷ್ಟರ ಮೇಲೆ ಇಂದು ಈ ಕುಕ್ಕರು, ಹೆಂಡತಿ ರಾಜೇಶ್ವರಿ. ಅವನ ಕುರ್ಚಿ ಪಡಸಾಲೆಯಲ್ಲಿ. ಅಡುಗೆಮನೆಯ ಬಾಗಿಲಿನಿಂದ ಅವಳ ಎಡಭುಜ, ಹಂಚು, ಒಲೆ ಕಾಣುತ್ತಿದ್ದವು. ಹತ್ತು ಹೆಜ್ಜೆಯ ದೂರವಿಲ್ಲ.

“ಏ ರಾಜೀ, ಆ ಕುಕ್ಕರ ಬಂದ್ ಮಾಡ!”

ಅವಳು ತಿರುಗಲಿಲ್ಲ. ಹಿಟ್ಟು ನಾದುತ್ತಲೇ ಇದ್ದಳು.

“ರಾಜೀ! ನಿನಗ ಹೇಳಾಕತ್ತೇನಿ!”

ಕುಕ್ಕರ್ ಇನ್ನೊಂದು ಶಿಳ್ಳೆ ಹೊಡೆಯಿತು. ಭೀಮಶಿಗೆ ಪಿತ್ತ ನೆತ್ತಿಗೇರಿತು. ವರ್ಷದಿಂದ ಇದೇ ಹಾಡು. ಕರೆದರೆ ಓ ಅನ್ನುವುದಿಲ್ಲ, ಕೇಳಿದರೆ ಉತ್ತರವಿಲ್ಲ, ಮೂರನೆಯ ಸಲ ಗಂಟಲು ಹರಿಯುವ ಹಾಗೆ ಒದರಿದರೆ ಮೆಲ್ಲಗೆ ತಿರುಗಿ, ಮುಖ ಗಂಟು ಹಾಕಿಕೊಂಡು ನೋಡುತ್ತಾಳೆ. ಬೇಡದ್ದನ್ನು ಕೇಳಿಸಿಕೊಳ್ಳದೆ ಇರುವ ಜಾಣತನ ಎಂದು ಅವನ ತೀರ್ಮಾನ. ಅದನ್ನು ಅವನು ಮನಸ್ಸಿನಲ್ಲಿಟ್ಟುಕೊಂಡವನೂ ಅಲ್ಲ. ಬಂದವರೆದುರು, ಹೋದವರೆದುರು, “ನಮ್ಮಾಕಿ ಜಾಣಗಿವುಡಿ ಆಗ್ಯಾಳ ನೋಡ್ರಿ” ಎಂದು ಹೇಳಿ ನಕ್ಕವನು. ಅವಳು ಅಂಥ ಹೊತ್ತಿನಲ್ಲಿ ಎದ್ದು ಒಳಗೆ ಹೋಗುತ್ತಿದ್ದಳು.

ಕೊನೆಗೆ ಅವನೇ ಎದ್ದು ಹೋಗಿ ಗ್ಯಾಸ್ ಆರಿಸಿ ಬಂದ. ಮತ್ತೆ ಕುಳಿತ. ಬಾನ್ಸುರಿ ಎಡಗಡೆ, ತಬಲಾ ಬಲಗಡೆ ಇಟ್ಟು ಮುದ್ರಿಸಿದ ಒಂದು ತುಣುಕು ಹಾಕಿಕೊಂಡ. ಈ ಸಲ ದೇವರು ಕಣ್ಣು ತೆರೆದ ಹಾಗೆ ಓಣಿ ಹತ್ತು ನಿಮಿಷ ಸುಮ್ಮನಿತ್ತು, ಭೀಮಶಿ ಬರೆದೇ ಬರೆದ. ‘ಬಾನ್ಸುರಿಯಲ್ಲಿ ಗಾಳಿ ಮೊದಲು ಕೇಳುತ್ತದೆ, ಆಮೇಲೆ ಸ್ವರ. ತಬಲಾದ ಪೆಟ್ಟು ಚಟ್ಟನೆ ಎದ್ದು ಚಟ್ಟನೆ ಮುಗಿಯುತ್ತದೆ, ಹಿಂದೆ ಗುಂಯ್‌ಗುಡುವುದಿಲ್ಲ. ಬೇಸ್ ಹೊಟ್ಟೆಗೆ ಗುದ್ದುವುದಿಲ್ಲ. ಗುದ್ದು ಬೇಕಾದವರು ಬೇರೆ ನೋಡಿಕೊಳ್ಳಲಿ. ಮನೆಯಲ್ಲಿ ಮಂದಿ ಇದ್ದವರು ಇದರ ಗೊಡವೆಗೆ ಹೋಗಬಾರದು.’ ಕೊನೆಯ ಸಾಲು ಬರೆದಾಗ ಎದೆ ಸ್ವಲ್ಪ ಹಗುರಾಯಿತು.

ಉಳಿದದ್ದು ಒಂದೇ ಕಲಮು: ‘ಹೊಸ ಕಿವಿ’. ಇದು ಗುಂಪಿನ ಕಟ್ಟಳೆ. ಈ ವಿದ್ಯೆಯ ಗಂಧಗಾಳಿ ಇಲ್ಲದ ಮನೆಮಂದಿಯೊಬ್ಬರ ಕಿವಿಗೆ ಇಟ್ಟು, ಅವರು ಅಂದದ್ದನ್ನು ಇದ್ದಂತೆಯೇ ಬರೆಯಬೇಕು. ಸಪ್ನಾ ಗೆಳತಿಯ ನಿಶ್ಚಿತಾರ್ಥಕ್ಕೆಂದು ಬೆಳಿಗ್ಗೆಯೇ ಕಿತ್ತೂರಿಗೆ ಹೋಗಿದ್ದಳು. ಬೇರೆ ಗತಿ ಇರಲಿಲ್ಲ. ಅವನು ಅಡುಗೆಮನೆಯ ಬಾಗಿಲಿಗೆ ಹೋಗಿ ಕೈಬೀಸಿ ಕರೆದ.

ರಾಜೇಶ್ವರಿ ಕೈ ಒರೆಸಿಕೊಳ್ಳುತ್ತ ಬಂದಳು. “ಲಗೂನ ಹೇಳ್ರಿ, ಹಂಚ ಕಾದೈತಿ.”

“ಎರಡ ನಿಮಿಷ ಕುಂದರ. ಇದನ್ನ ನಿನ್ನ ಕಿವ್ಯಾಗ ಇಡತೇನಿ, ಏನ್ ಕೇಳತೈತಿ ಹೇಳ.”

ಅವಳು ಅವನ ಮುಖ ನೋಡಿದಳು, ಅವನ ಅಂಗೈಯಲ್ಲಿದ್ದ ಆ ಎರಡು ಜಾಲರಿಯ ಬಿಲ್ಲೆ ನೋಡಿದಳು. “ನನಗೇನ್ರಿ?” ಅಂದಳು.

“ನಿನಗ ಅಲ್ದ ಮತ್ಯಾರಿಗಿ? ಕುಂದರ.”

ಅವಳು ಒಳಗೆ ಹೋಗಿ ಹಂಚಿನ ಕೆಳಗಿನ ಉರಿ ಪೂರ್ತಿ ಆರಿಸಿ ಬಂದು ಕುಳಿತಳು. ಅವನೇ ಜೋಪಾನವಾಗಿ ಅವಳ ಎರಡೂ ಕಿವಿಗೆ ಕೂಡಿಸಿ ಹಾಡು ಹಚ್ಚಿದ.

“ಏನ್ ಬಂತು?”

“ತಬಲಾ.”

“ಮತ್ತ?”

“ತಬಲಾನ ಬಾರಸಾಕತ್ತಾರ.”

“ಬಾನ್ಸುರಿ? ಎಡಕ್ಕ ಬಾನ್ಸುರಿ ಐತೆಲ್ಲ?”

“ಎಡಕ್ಕ ಕೇಳಸಂಗಿಲ್ರಿ.”

ಭೀಮಶಿ ಕಿತ್ತುಕೊಂಡು ತನ್ನ ಕಿವಿಗೆ ಇಟ್ಟುಕೊಂಡ. ಬಾನ್ಸುರಿ ಜೇನು ಸುರಿದ ಹಾಗೆ ಎಡಗಡೆಯಿಂದ ಬಂತು. ಮತ್ತೆ ಅವಳಿಗೆ ಇಟ್ಟ.

“ಈಗ?”

“ಇಲ್ರಿ.”

“ಸರಿಯಾಗಿ ಕೇಳ. ಅವಸರ ಮಾಡಬ್ಯಾಡ.”

ಅವಳು ಕಣ್ಣು ಮುಚ್ಚಿದಳು. ಹುಬ್ಬು ಗಂಟು ಹಾಕಿ, ಉಸಿರು ಬಿಗಿಹಿಡಿದು ಕೇಳಿದಳು. ಆಮೇಲೆ ಕಣ್ಣು ತೆರೆದು, ಮೆಲ್ಲಗೆ ತಲೆ ಅಲ್ಲಾಡಿಸಿದಳು.

ಒಳಗೆ ಎಲ್ಲೋ ಕನೆಕ್ಷನ್ ಸಡಿಲಾಗಿದೆ, ಒಮ್ಮೆ ಹಿಡಿಯುತ್ತದೆ ಒಮ್ಮೆ ಬಿಡುತ್ತದೆ ಎಂದು ಭೀಮಶಿ ತಿಳಿದ. ಬೇರೆ ಯಾರ ಮನೆಯಲ್ಲೂ ಅಲ್ಲ, ತನ್ನ ಮನೆಯಲ್ಲೇ, ಮಾಸ್ತರರು ಬಸ್ಸು ಹತ್ತುವ ದಿನವೇ! ಬೇಸಿಗೆಯಲ್ಲಿ ಇಲ್ಲದ ತಕರಾರು ಇದೆ ಅಂದಿದ್ದ. ಈಗ ಇರುವ ತಕರಾರು ಮುಚ್ಚಿಟ್ಟ ಅನ್ನಿಸಿಕೊಳ್ಳಬಾರದು. ಗುಂಪಿಗೆ ಒಂದು ಸಾಲು ಹಾಕಿಯೇಬಿಟ್ಟ: ‘ಮುಕುಂದ ಮಾಸ್ತರರ ಸೆಟ್ಟಿನ ಎಡಗಡೆ ಬಂದ್ ಆಗಿದೆ. ಪರೀಕ್ಷೆ ನಡೆದಿದೆ.’ ಹಾಕಿದ ಮರುಕ್ಷಣ ತೆಗೆಯಬೇಕು ಅನಿಸಿತು, ಅಷ್ಟರಲ್ಲಿ ಇಪ್ಪತ್ತು ಜನ ನೋಡಿಯಾಗಿತ್ತು.

ರಿಪೇರಿಯವನ ಪರೀಕ್ಷೆ ಅಂದರೆ ಅದಲಿಬದಲಿ. ಸಂಶಯದ ಸಾಮಾನು ತೆಗೆದು ಬೇರೆ ಕಡೆ ಹಾಕಬೇಕು. ತಕರಾರು ಸಾಮಾನಿನ ಬೆನ್ನು ಹತ್ತಿ ಹೋದರೆ ತಪ್ಪು ಸಾಮಾನಿನದು. ಮೊದಲು ವೈರು. ಎಡದ ವೈರು ಬಿಚ್ಚಿ ಬಲಕ್ಕೆ, ಬಲದ್ದು ಎಡಕ್ಕೆ ಚುಚ್ಚಿದ. ಅವಳಿಗೆ ಇಟ್ಟ.

“ಈಗ ಬಾನ್ಸುರಿ ಬಂತು,” ಅಂದಳು ರಾಜೇಶ್ವರಿ, ಮುಖ ಅರಳಿಸಿ.

“ಯಾವ ಕಡಿ?”

“ಬಲಕ್ಕ.”

“ಎಡಕ್ಕ?”

“ಇಲ್ಲ. ಇರ್ರಿ, ಇನ್ನೊಮ್ಮೆ ನೋಡೂಣು.” ತಾನೇ ಬೆರಳಿನಿಂದ ಎಡಗಡೆಯ ಬಿಲ್ಲೆಯನ್ನು ಒತ್ತಿ ಹಿಡಿದಳು. “ಇಲ್ರಿ.”

ವೈರಿನದಲ್ಲ. ಹಾಗಾದರೆ ಬಿಲ್ಲೆಯದೇ. ಎಡಗಿವಿಯ ಬಿಲ್ಲೆ ತೆಗೆದು ಬಲಗಿವಿಗೆ, ಬಲಗಿವಿಯದು ಎಡಗಿವಿಗೆ ಇಟ್ಟ. ಆಕಾರ ಹೊಂದಲಿಲ್ಲ, ಅವಳೇ ಎರಡೂ ಕೈಯಿಂದ ಅದುಮಿ ಹಿಡಿದುಕೊಂಡಳು. ರೊಟ್ಟಿಯ ಹಿಟ್ಟು ಒಣಗುತ್ತಿದೆ ಎಂದು ಒಮ್ಮೆಯೂ ಅನ್ನಲಿಲ್ಲ. ವರ್ಷದಲ್ಲಿ ಮೊದಲ ಸಲ ಇವಳು ನನ್ನ ಕೆಲಸಕ್ಕೆ ಕೈಜೋಡಿಸಿದಳಲ್ಲ ಎಂದು ಆ ಸಿಟ್ಟಿನಲ್ಲೂ ಅವನಿಗೆ ಸಮಾಧಾನವಾಯಿತು.

“ಬಲಕ್ಕ ಸ್ವಚ್ಛ ಐತಿ,” ಅಂದಳು. “ಎಡಕ್ಕ ಕೇಳಸಂಗಿಲ್ಲ.”

ಈಗಷ್ಟೇ ಬಲಗಿವಿಯಲ್ಲಿ ಚೊಕ್ಕ ನುಡಿದಿದ್ದ ಬಿಲ್ಲೆ ಎಡಗಿವಿಗೆ ಹೋದ ಕೂಡಲೇ ಸುಮ್ಮನಾಗಿತ್ತು. ಸತ್ತಿದೆ ಅಂದುಕೊಂಡ ಬಿಲ್ಲೆ ಬಲಗಿವಿಯಲ್ಲಿ ಎದ್ದು ಕುಳಿತಿತ್ತು. ವೈರು ಬದಲಿಸಿದ, ಬಿಲ್ಲೆ ಬದಲಿಸಿದ, ತಕರಾರು ಕುಳಿತ ಜಾಗದಿಂದ ಅಲುಗಲಿಲ್ಲ. ಇಂಥ ಹೊತ್ತಿನಲ್ಲಿ ಗಿರಾಕಿಗೆ ಅವನು ಹೇಳುವ ಮಾತು ಒಂದಿತ್ತು: ‘ತಕರಾರ ಸಾಮಾನದಾಗ ಇಲ್ರಿ, ನಿಮ್ಮ ಮನಿ ಲೈನದಾಗ ಐತಿ.’ ಆ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಅವನು ಹೆಂಡತಿಯ ಎಡಗಿವಿಯನ್ನೇ ನೋಡಿದ. ಈ ಹೊತ್ತಿಗಷ್ಟೇ ಕೇಳದಿದ್ದರೆ ‘ಕೇಳಸವಲ್ದು’ ಅನ್ನುತ್ತಾರೆ, ಇವಳು ಹಾಗೆ ಅಂದಿರಲಿಲ್ಲ. ‘ಕೇಳಸಂಗಿಲ್ಲ’ ಅಂದಿದ್ದಳು, ಅಂದರೆ ಎಂದಿಗೂ ಕೇಳಿಸುವುದಿಲ್ಲ. ಮೊದಲ ಸಲದಿಂದ ಹಾಗೇ ಅಂದಿದ್ದಳು.

ರಾಜೇಶ್ವರಿ ಎರಡೂ ಬಿಲ್ಲೆ ತೆಗೆದು ಅವನ ಕೈಯಲ್ಲಿಟ್ಟಳು. ಅವಳ ಕಣ್ಣು ತುಂಬಿತ್ತು, ಆದರೆ ಮುಖದಲ್ಲಿ ಬೇಸರವಿರಲಿಲ್ಲ.

“ಇರ್ಲಿ ಬಿಡ್ರಿ,” ಅಂದಳು. “ಡಾಕ್ಟರ ಕೈಲೇನ ಆಗಲಿಲ್ಲ, ಇದರಲೇ ಏನಾಗ್ತೈತಿ? ನನ್ನ ಸಲುವಾಗಿ ಇಷ್ಟ ಹುಡುಕಿ ತಂದ್ರೆಲ್ಲ, ಅಷ್ಟ ಸಾಕು.”

“ಯಾವ ಡಾಕ್ಟರ?”

“ಧಾರವಾಡದಾಗಿನವ್ರು.”

“ನೀ ಯಾವಾಗ ಧಾರವಾಡಕ್ಕ ಹೋಗಿದ್ದಿ?”

ರಾಜೇಶ್ವರಿ ಅವನನ್ನೇ ನೋಡುತ್ತ ಕುಳಿತಳು. ಅವಳ ಮುಖದ ಬಣ್ಣ ಮೆಲ್ಲಗೆ ಬದಲಾಯಿತು.

“ನಿಮಗ ಗೊತ್ತಿಲ್ಲೇನು?”

ಅವನು ಬಿಲ್ಲೆಗಳನ್ನು ಮೇಜಿನ ಮೇಲಿಟ್ಟ.

“ಹ್ವಾದ ಶ್ರಾವಣದಾಗ ರೀ. ಮುಂಜಾನೆ ಏಳೂದರಾಗ ಎಡಗಿವಿ ಗಪ್ ಆಗಿತ್ತು, ಒಳಗ ಗುಂಯ್ ಅಂತಿತ್ತು. ಅಂಜಿಕಿ ಬಂದು, ಓಡಿ ಬಂದು ನಿಮಗ ಹೇಳಿದೆ. ಇದ ಕುರ್ಚ್ಯಾಗ ಕುಂತಿದ್ರಿ. ಆ ಕರೇವು ದೊಡ್ಡೂವು, ಕಿವಿ ಪೂರ್ತಿ ಮುಚ್ಚೂವು, ಹಾಕ್ಕೊಂಡಿದ್ರಿ. ನನ್ನ ಕಡಿ ತಿರುಗಿ, ‘ಹೂಂ, ಆತು ಆತು’ ಅಂದ್ರಿ.”

“ನನಗ ಕೇಳಿಲ್ಲ ರಾಜೀ.”

“ನನ್ನ ಮಾರೀ ನೋಡಿ ಅಂದ್ರಿ! ಸಂಜೀಕ ಏನರೆ ಕೇಳ್ತಾರ ಅಂತ ಕಾದೆ. ಕೇಳಲಿಲ್ಲ. ಮರುದಿನ ಕೇಳಲಿಲ್ಲ. ಹೋಗ್ಲಿ, ತಾನ ಬಿಡ್ತೈತಿ ಅಂತ ಸುಮ್ನಿದ್ದೆ. ಎರಡ ತಿಂಗಳ ಆದ ಮ್ಯಾಲೆ ಸವದತ್ತಿಂದ ಮೀನಾ ಬಂದು, ಬೈದು, ಕರಕೊಂಡ ಹೋದ್ಲು. ಎಂಟ ದಿನದಾಗ ಬಂದಿದ್ರ ಏನರೆ ಮಾಡಬಹುದಿತ್ತು, ಇನ್ನ ಬರಂಗಿಲ್ಲ ಅಂದ್ರು.”

ಮೀನಾ ಅವಳ ತಂಗಿ. ಆ ದಿನ ಅವನಿಗೆ ನೆನಪಿತ್ತು. ತಂಗಿಯ ಜೊತೆ ಎಲ್ಲಿಗೋ ಹೋದಳು, ಮಧ್ಯಾಹ್ನದ ಊಟಕ್ಕೆ ಖಾನಾವಳಿಗೆ ಹೋಗಬೇಕಾಯಿತು ಎಂದು ಗೊಣಗಿದ್ದ.

“ನೀವು ಎಡಕ್ಕ ನಿಂತು ಒದರೂದು,” ರಾಜೇಶ್ವರಿಯ ದನಿ ಏರಿತು, “ಬಂದ ಮಂದಿ ಮುಂದ ಜಾಣಗಿವುಡಿ ಅಂತ ನಗೂದು... ಎಲ್ಲಾ ಗೊತ್ತಿದ್ದ ಚ್ಯಾಷ್ಟಿ ಮಾಡ್ತಾರ ಅಂತ ತಿಳಕೊಂಡಿದ್ದೆ. ವರ್ಷ ಆತು ನಿಮ್ಮ ಮಾರೀ ನೋಡಿದ್ರ ಮೈ ಉರಿತಿತ್ತು. ಇವತ್ತ ಕರದು, ಕುಂದ್ರಿಸಿ, ನಿಮ್ಮ ಕೈಯಾರೆ ಕಿವ್ಯಾಗ ಇಟ್ಟಾಗ... ನಾ ಎಂಥಾ ಹುಚ್ಚಿ. ಇದು ನನ್ನ ಸಲುವಾಗಿ ಅಲ್ಲೇನು?”

ಅಲ್ಲ ಎಂದು ಹೇಳುವ ಧೈರ್ಯ ಭೀಮಶಿಗಿರಲಿಲ್ಲ. ಹೌದು ಎಂದು ಹೇಳುವ ಮುಖವೂ ಇರಲಿಲ್ಲ. ಹಾಡುವವನು ಉಸಿರೆಳೆದದ್ದನ್ನು ಹಿಡಿಯುವ ಕಿವಿ ಎಂದು ಮೆರೆದವನು ಅವನು. ರಾಜೇಶ್ವರಿ ಎದ್ದು ಒಳಗೆ ಹೋಗಿ, ಗ್ಯಾಸ್ ಹಚ್ಚಿ, ಒಣಗಿದ ಹಿಟ್ಟಿಗೆ ನೀರು ಚಿಮುಕಿಸಿ ನಾದತೊಡಗಿದಳು, ಹಿಟ್ಟು ನಾದುವ ಕೊಣಮಿಗೆಯನ್ನು ಗುದ್ದುವ ಸದ್ದು ಪಡಸಾಲೆಯವರೆಗೆ ಬಂತು.

ಮೇಜಿನ ಮೇಲೆ ಫೋನು ಕುಣಿಯುತ್ತಿತ್ತು. ಗುಂಪಿನಲ್ಲಿ ಐವತ್ತೆರಡು ಸಂದೇಶ. ಮತ್ತೆ ಎಡಗಡೆಯೇ? ಭೀಮಶಿ ಅವರಿಗೂ ಎಡಕ್ಕೂ ಏನು ಜಗಳ? ನಗುವ ಮುಖಗಳು ಸಾಲಾಗಿ ಇಳಿಯುತ್ತಲೇ ಇದ್ದವು. ಅಷ್ಟರಲ್ಲಿ ಮುಕುಂದ ಮಾಸ್ತರರ ಕರೆ ಬಂತು.

“ಭೀಮಶಿಯವರ, ಏನಿದು? ನಾ ಕಳಸೂ ಮುಂದ ಎರಡೂ ಕಡಿ ನೋಡಿ ಕಳಿಸೇನಿ. ಬಂದ್ ಹೆಂಗಾತು? ನಿಮ್ಮ ಕಡೆ ಏನರೆ ಪೆಟ್ಟ ಬಿತ್ತೇನು?”

ಸೆಟ್ಟು ಸರಿ ಇದೆ ಅಂದರೆ, ಹಾಗಾದರೆ ಬಂದ್ ಅಂತ ಯಾಕೆ ಬರೆದಿರಿ ಎನ್ನುತ್ತಾರೆ. ಹೆಂಡತಿಯ ಕಿವಿ ಕೇಳುವುದಿಲ್ಲ, ಅದಕ್ಕೆ ತಪ್ಪು ತಿಳಿದೆ ಎಂದು ಒಂದು ಮಾತು ಹೇಳಿದರೆ ಸಾಕಿತ್ತು, ಅವನ ಕಿವಿಯ ಹೆಸರು ಉಳಿಯುತ್ತಿತ್ತು, ಅರವತ್ತು ಜನ ಅಯ್ಯೋ ಅನ್ನುತ್ತಿದ್ದರು. ಅಡುಗೆಮನೆಯ ಬಾಗಿಲಿನಲ್ಲಿ ಅವಳ ಭುಜ ಕಾಣುತ್ತಿತ್ತು. ಒಂದು ವರ್ಷ ಬಂದ ಮಂದಿಯೆದುರೆಲ್ಲ ಅವಳ ಕಿವಿಯ ಮಾತಾಡಿ ಆಗಿತ್ತು.

“ಸೆಟ್ ಚಲೋ ಐತ್ರಿ, ಮಾಸ್ತರ,” ಅಂದ. “ಎರಡೂ ಕಡಿ ಚಲೋ ಐತಿ. ತಪ್ಪ ನಂದು. ನಾ ಸರಿಯಾಗಿ ಕೇಳಿರಲಿಲ್ಲ.”

ಮಾಸ್ತರರು ಜೋರಾಗಿ ನಕ್ಕರು. “ಇದ ಮಾತ ಗುಂಪಿಗಿ ಬರೀರಿ ಮತ್ತ.”

“ಬರೀತೇನ್ರಿ.”

“ಸಿಟ್ಟಾಗಬ್ಯಾಡ್ರಿ ಭೀಮಶಿಯವರ, ಎರಡನೇ ಸಲ ಇದು. ಒಮ್ಮೆ ಕಿವಿ ಡಾಕ್ಟರಗೆ ತೋರಸ್ರಿ.”

“ತೋರಸ್ತೇನ್ರಿ. ನಾಳೆ ಧಾರವಾಡಕ್ಕ ಹೊಂಟೇವಿ,” ಎಂದು ಫೋನಿಟ್ಟ. ಮಾಸ್ತರರಿಗೆ ಹೇಳಿದ ಮಾತನ್ನೇ ಗುಂಪಿಗೆ ಬರೆದು ಹಾಕಿದ. ಈ ಸಲ ಮುಖಗಳನ್ನು ಎಣಿಸಲಿಲ್ಲ.

ಎದ್ದು ಅಡುಗೆಮನೆಗೆ ಹೋಗಿ ಒಲೆಯ ಆಚೆ ಬದಿಗೆ, ಅವಳ ಬಲಕ್ಕೆ ಕುಳಿತು, “ನಾಳೆ ಧಾರವಾಡಕ್ಕ ಹೋಗೂದೈತಿ,” ಅಂದ. ರಾಜೇಶ್ವರಿ ಹಂಚಿನ ಮೇಲಿನ ರೊಟ್ಟಿಯಿಂದ ಕಣ್ಣು ತೆಗೆಯಲಿಲ್ಲ.

“ನಾಳೆ ಯಾರ ಹೊಂಟಾರ ಧಾರವಾಡಕ್ಕ?” ಅಂದಳು ಸಿಡುಕಿನಿಂದ.

“ನಾವಿಬ್ಬರು.”

“ಯಾಕ? ಇನ್ನ ಬರಂಗಿಲ್ಲ ಅಂತ ಡಾಕ್ಟರ ಹೇಳ್ಯಾರ, ಹೇಳಿದ್ನೆಲ್ಲ ಈಗ.”

“ಹೇಳಲಿ,” ಅಂದ ಭೀಮಶಿ. “ಇನ್ನೊಮ್ಮೆ ಹೇಳಲಿ. ನಾ ಕೇಳಿಲ್ಲೆಲ್ಲ.”